ಕಟ್ಟೆಯ ನ್ಯಾಯ, ಕಾಕಿಯ ಪ್ರಶ್ನೆ

ನನಗಾಗ ಹತ್ತು ವರ್ಷ. 1978ರ ಬೇಸಿಗೆ, ಯುಗಾದಿಗೆ ಇನ್ನೂ ಎಂಟು ದಿನವಿತ್ತು. ರಾತ್ರಿ ಊಟ ಮುಗಿಸಿ ಮಾಳಿಗೆಯ ಮೇಲೆ ಮಲಗಿದ್ದ ನಮ್ಮನ್ನೆಲ್ಲ ಅವ್ವ ಕೂಗಿ ಎಬ್ಬಿಸಿದಳು. ಎದ್ದು ನೋಡಿದರೆ ಹಿತ್ತಲ ಕಡೆಯ ಆಕಾಶವೆಲ್ಲ ಕೆಂಪು. ಕಾಕಿಯ ಕಣಿಕಿ ಬಣವಿಗೆ ಬೆಂಕಿ ಬಿದ್ದಿತ್ತು. ಮಣ್ಣೂರಿನ ನಮ್ಮ ಓಣಿಯ ಗಂಡಸರು ಹೆಂಗಸರೆಲ್ಲ ಕೊಡ, ಬಿಂದಿಗೆ ಹಿಡಿದು ಓಡಿದರು. ಭೀಮೆ ಅಷ್ಟು ಹತ್ತಿರವಿದ್ದರೂ ಬೇಸಿಗೆಯಲ್ಲಿ ನೀರು ದೂರವೇ. ಒಣಗಿದ ಜೋಳದ ಕಣಿಕಿಗೆ ಬೆಂಕಿ ತಗುಲಿದರೆ ಕೇಳಬೇಕೆ? ಒಂದು ತಾಸಿನಲ್ಲಿ ಎಲ್ಲ ಬೂದಿಯಾಯಿತು.

ಕಾಕಿ ಅಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಮದುವೆಯಾಗಿ ಆರು ವರ್ಷಕ್ಕೆ ಕಾಕಾ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಪಾಲಿಗೆ ಬಂದ ನಾಲ್ಕೆಕರೆ ಎರೆಹೊಲವನ್ನು ಕಾಕಿ ತಾನೇ ನಿಂತು ಮಾಡಿಸುತ್ತಿದ್ದಳು. ಅವಳ ಆಸ್ತಿಯೆಂದರೆ ಆ ಹೊಲ, ಒಂದು ಜೋಡಿ ಎತ್ತು, ಆ ಎತ್ತುಗಳ ವರ್ಷದ ಮೇವಾದ ಆ ಬಣವಿ. ಮೇವು ಹೋಯಿತೆಂದರೆ ಎತ್ತು ಹೋದಂತೆ. ಎತ್ತು ಹೋಯಿತೆಂದರೆ ಹೊಲ ಬೇರೆಯವರ ಕೈಗೆ ಹೋದಂತೆ. ಇದು ಒಕ್ಕಲುತನದ ಮನೆಯಲ್ಲಿ ಹುಟ್ಟಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಚ್ಚಿದವನು ಯಾರೆಂಬುದು ಮರುದಿನವೇ ಗೊತ್ತಾಯಿತು. ಬದುವಿನಾಚೆಯ ಹೊಲದವರ ಮಗ, ಹದಿನೇಳು ವರ್ಷದ ಹುಡುಗ. ತಿಂಗಳ ಹಿಂದೆ ಅವರ ಎಮ್ಮೆ ಕಾಕಿಯ ಕಡಲೆ ಹೊಲದಲ್ಲಿ ಮೇಯ್ದಿತ್ತು. ಕಾಕಿ ಅದನ್ನು ಹಿಡಿದು ಕೊಂಡವಾಡಕ್ಕೆ ಹೊಡೆಸಿದ್ದಳು. ಆ ಸಿಟ್ಟೇ ಇರಬೇಕೆಂದು ಊರು ಮಾತಾಡಿಕೊಂಡಿತು.

ಪೊಲೀಸರ ತನಕ ಹೋಗುವುದು ಬೇಡವೆಂದು ಹಿರಿಯರು ತೀರ್ಮಾನಿಸಿದರು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ದೈವ ಸೇರಿತು. ನಮ್ಮ ಕಡೆ ಊರ ಹಿರಿಯರು ನ್ಯಾಯಕ್ಕೆ ಕೂಡುವುದನ್ನು ದೈವ ಅನ್ನುತ್ತಾರೆ. ಅಪ್ಪನೂ ಕುಳಿತಿದ್ದ. ನಾನು ಕಾಕಿಯ ಸೆರಗು ಹಿಡಿದು ಗುಡಿಯ ಗೋಡೆಯ ಮರೆಗೆ ನಿಂತಿದ್ದೆ. ಹೆಂಗಸರು ಕಟ್ಟೆಯ ಹತ್ತಿರ ಹೋಗುವ ಪದ್ಧತಿ ಇರಲಿಲ್ಲ. ಎರಡು ತಾಸು ಮಾತು ನಡೆಯಿತು. ಹುಡುಗನ ಮನೆಯವರು ಐನೂರು ರೂಪಾಯಿ ದಂಡ ಕೊಡಬೇಕು, ಅದರಲ್ಲಿ ನೂರು ಗುಡಿಯ ಎಣ್ಣೆಗೆ, ನಾಲ್ಕುನೂರು ನಮ್ಮ ಮನೆಗೆ ಎಂದಾಯಿತು. ಹುಡುಗ ಒಬ್ಬೊಬ್ಬ ಹಿರಿಯರ ಕಾಲಿಗೂ ಬಿದ್ದು ತಪ್ಪಾಯಿತೆಂದ. ನಮ್ಮಪ್ಪನ ಕಾಲಿಗೂ ಬಿದ್ದ. ಗೋಡೆಯ ಮರೆಗೆ ಮಾತ್ರ ಬರಲಿಲ್ಲ, ಯಾರೂ ಕಳಿಸಲಿಲ್ಲ. ಹೋಗಲಿ ಬಿಡು, ಬಡವರ ಜಗಳ ಬಗೆಹರೀತು ಎಂದು ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಎದ್ದರು.

ನಾಲ್ಕುನೂರು ರೂಪಾಯಿ ಅಪ್ಪನ ಕೈಗೆ ಬಂತು. ಅದು ಸೊಸೈಟಿ ಸಾಲದ ಕಂತಿಗೆ ಹೋಯಿತು. ಸಾಲ ಮನೆಯದು, ಮನೆ ಎಲ್ಲರದು ಎಂಬುದು ಅವನ ಲೆಕ್ಕ. ನಮ್ಮಪ್ಪ ಕೆಟ್ಟ ಮನುಷ್ಯನಲ್ಲ. ನನ್ನನ್ನು ಗುಲಬರ್ಗಾಕ್ಕೆ ಕಳಿಸಿ ಓದಿಸಿದವನು ಅವನೇ. ಆದರೆ ಆ ಮಳೆಗಾಲಕ್ಕೆ ಮೊದಲು ಕಾಕಿ ಎತ್ತುಗಳನ್ನು ಮಾರಿದಳು. ಹೊಲ ಪಾಲಿಗೆ ಹೋಯಿತು. ಹಗ್ಗ ಬಿಚ್ಚಿ ಕೊಟ್ಟ ದಿನ ಅವಳು ಒಂದೇ ಮಾತು ಅಂದಳು:

"ನನ್ನ ಯಾರೂ ಒಂದು ಮಾತು ಕೇಳಲಿಲ್ಲ."

ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಬಹುಶಃ ನಾನು ಕಾನೂನು ಓದಿದ್ದೂ ಅದರಿಂದಲೇ ಇರಬೇಕು. ಓದಿ, ಕೆಲವು ವರ್ಷ ಕರಿಕೋಟು ಹಾಕಿ, ಆಮೇಲೆ ಕಾನೂನು ಕಾಲೇಜೊಂದರಲ್ಲಿ ಪಾಠ ಹೇಳುವವಳಾದೆ.

ನಾವು ಓದುವಾಗ ಕಾನೂನೆಂದರೆ ಕಲಮುಗಳು. ಬಣವಿಗೆ ಬೆಂಕಿ ಹಚ್ಚಿದರೆ ಭಾರತ ದಂಡ ಸಂಹಿತೆಯ 435ನೆಯ ಕಲಂ. ಬೇರೆ ಸ್ವತ್ತಾದರೆ ನೂರು ರೂಪಾಯಿ ಹಾನಿಯಾಗಬೇಕು, ಬೆಳೆಯ ಹುಟ್ಟುವಳಿಯಾದರೆ ಹತ್ತು ರೂಪಾಯಿ ಸಾಕು. ಶಿಕ್ಷೆ ಏಳು ವರ್ಷದವರೆಗೆ. ಬ್ರಿಟಿಷರು 1860ರಲ್ಲಿ ಬರೆದದ್ದು. ಒಕ್ಕಲಿಗನ ಬಣವಿಯ ಬೆಲೆ ಅವರಿಗೂ ಗೊತ್ತಿತ್ತೆಂದು ಓದುವಾಗ ಆಶ್ಚರ್ಯಪಟ್ಟಿದ್ದೆ. ಆದರೆ ಆ ಏಳು ವರ್ಷದಲ್ಲಿ ಕಾಕಿಯ ಎತ್ತಿಗೆ ಒಂದು ಹೊರೆ ಮೇವೂ ಸಿಗುವುದಿಲ್ಲವಲ್ಲ ಎಂದು ತಿಳಿದದ್ದು ಆಮೇಲೆ. ಕಟ್ಟೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಕೋರ್ಟಿನಲ್ಲಾದರೂ ಏನು? ಅಲ್ಲಿ ಮೊಕದ್ದಮೆ ಸರ್ಕಾರಕ್ಕೂ ಆರೋಪಿಗೂ. ಕಾಕಿ ಒಬ್ಬ ಸಾಕ್ಷಿ ಅಷ್ಟೇ. ಕರೆದಾಗ ಬರಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು, ಇಳಿದು ಹೋಗಬೇಕು.

ಕಾನೂನು ಕಲಿಸುವ ರೀತಿ ಬದಲಾದದ್ದು ನಮ್ಮ ಕಣ್ಣೆದುರೇ. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎನ್.ಆರ್. ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ ಐದು ವರ್ಷದ ಕಾನೂನು ಪದವಿಯ ಮೊದಲ ತಂಡ ಪಾಠಕ್ಕೆ ಕೂತಿತು. ವಿದ್ಯಾರ್ಥಿಗಳು ಜನರ ನಡುವೆ ಹೋಗಿ ಕಾನೂನು ನೆರವು ಕೊಡುತ್ತ ಕಲಿಯಬೇಕೆಂಬುದು ಅಲ್ಲಿಂದ ಬೇರೆ ಕಡೆಗೂ ಹಬ್ಬಿತು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರಲ್ಲಿ ಆಗಿದ್ದರೂ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರಿಂದ ಲೋಕ ಅದಾಲತ್ತುಗಳಿಗೆ ಕಾನೂನಿನ ಬಲ ಬಂತು. 2002ರ ಜುಲೈಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮಿನಂತೆ, ರಾಜಿಯಾಗಬಹುದಾದ ದಾವೆಯನ್ನು ಕೋರ್ಟೇ ಮಧ್ಯಸ್ಥಿಕೆಗೆ ಕಳಿಸಬಹುದಾಯಿತು. 2007ರ ಜನವರಿ 1ರಂದು ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕಾ ಕೇಂದ್ರ ಶುರುವಾಯಿತು. ವಾದ ಮಾಡುವುದನ್ನೇ ಕಸುಬಾಗಿಸಿಕೊಂಡ ವಕೀಲರು ಅಲ್ಲಿ ವಾದ ಮಾಡದಿರುವುದನ್ನು ತರಬೇತಿ ಪಡೆದು ಕಲಿತರು! 2008ರ ನಿಯಮಗಳಲ್ಲಿ ವಕೀಲರ ಪರಿಷತ್ತು ಪರ್ಯಾಯ ವ್ಯಾಜ್ಯ ಪರಿಹಾರವನ್ನು ಪ್ರಾಯೋಗಿಕ ಪತ್ರಿಕೆಯಾಗಿ ಕಡ್ಡಾಯ ಮಾಡಿತು. 2020ರಲ್ಲಿ ಮಧ್ಯಸ್ಥಿಕೆಯನ್ನೇ ಕಡ್ಡಾಯ ವಿಷಯವಾಗಿಸಿತು.

ಆ ಪತ್ರಿಕೆ ನಮ್ಮ ಕಾಲೇಜಿನಲ್ಲಿ ನನ್ನ ಪಾಲಿಗೆ ಬಂತು. ಬೇರೆಯವರು ತೆಗೆದುಕೊಳ್ಳಲಿಲ್ಲ ಅನ್ನುವುದು ಸರಿ. 'ರಾಜಿ ಮಾಡಿಸೋದೇನು ಕಲಿಸ್ತೀರಿ, ಅದು ನಮ್ಮೂರ ಗೌಡರಿಗೂ ಬರ್ತದ' ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು.

ಈ ಪತ್ರಿಕೆಗೆಂದು ಓದುತ್ತ ಹೋದಾಗ ನನಗೆ ಬೇರೊಂದು ವಿಚಾರ ಸಿಕ್ಕಿತು. ಇಂಗ್ಲಿಷಿನವರು ಅದಕ್ಕೊಂದು ಹೆಸರು ಇಟ್ಟಿದ್ದಾರೆ. ಕನ್ನಡದಲ್ಲಿ ಎಲ್ಲರ ಬಾಯಿಗೂ ಹತ್ತುವ ಮಾತಿಲ್ಲ. ನಾನು ಸರಿಪಡಿಸುವ ನ್ಯಾಯ ಅನ್ನುತ್ತೇನೆ. ಕೋರ್ಟು ಕೇಳುವುದು ಮೂರು ಪ್ರಶ್ನೆ: ಯಾವ ಕಾನೂನು ಮುರಿಯಿತು, ಮುರಿದವರು ಯಾರು, ಅವರಿಗೇನು ಶಿಕ್ಷೆ. ಸರಿಪಡಿಸುವ ನ್ಯಾಯವೂ ಮೂರು ಪ್ರಶ್ನೆ ಕೇಳುತ್ತದೆ: ಯಾರಿಗೆ ನೋವಾಯಿತು, ಅವರಿಗೇನು ಬೇಕು, ಅದನ್ನು ತುಂಬಿಕೊಡುವ ಹೊಣೆ ಯಾರದು. ಅಮೆರಿಕದ ಹೋವರ್ಡ್ ಝೆರ್ ಎಂಬವರು 1990ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿ ಬರೆದರು. ಓದಿದ ದಿನ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತಿದ್ದೆ. ಗೋಡೆಯ ಮರೆಗೆ ನಿಂತ ಕಾಕಿ ಕಣ್ಣ ಮುಂದೆ ಬಂದಿದ್ದಳು.

ಮಕ್ಕಳಿಗೆ ನಾನು ಮೊದಲು ಹೇಳುವ ಕಥೆ ಕೆನಡಾ ದೇಶದ ಎಲ್ಮೈರಾ ಎಂಬ ಸಣ್ಣ ಊರಿನದು. 1974ರಲ್ಲಿ ಅಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ದಾಂಧಲೆ ಮಾಡಿದರು. ಕಾರಿನ ಟೈರು ಕೊಯ್ದರು, ಕಿಟಕಿ ಒಡೆದರು. ಕೋರ್ಟಿನ ಮೇಲ್ವಿಚಾರಣಾ ಅಧಿಕಾರಿಯಾಗಿದ್ದ ಮಾರ್ಕ್ ಯಾಂಟ್ಸಿ, ಈ ಹುಡುಗರು ಹಾನಿಯಾದವರ ಮನೆ ಮನೆಗೆ ಹೋಗಿ ಅವರ ಮುಖ ನೋಡಿ ಮಾತಾಡಿದರೆ ಹೇಗೆ ಎಂದು ನ್ಯಾಯಾಧೀಶರಿಗೆ ಸೂಚಿಸಿದ. ಕಾನೂನಿನಲ್ಲಿ ಅಂಥ ದಾರಿ ಯಾರೂ ತುಳಿದಿರಲಿಲ್ಲ. ಆದರೂ ನ್ಯಾಯಾಧೀಶರು ಒಪ್ಪಿದರು. ಹುಡುಗರು ಒಂದೊಂದೇ ಬಾಗಿಲು ತಟ್ಟಿದರು, ಬೈಸಿಕೊಂಡರು, ಹಾನಿ ಎಷ್ಟೆಂದು ಬರೆದುಕೊಂಡರು, ಕೆಲವು ತಿಂಗಳಲ್ಲಿ ದುಡ್ಡು ಮುಟ್ಟಿಸಿದರು. ಅವರಲ್ಲೊಬ್ಬ, ರಸೆಲ್ ಕೆಲಿ, ಬಹಳ ವರ್ಷಗಳ ನಂತರ ಇದೇ ಕೆಲಸಕ್ಕೆ ಸ್ವಯಂಸೇವಕನಾಗಿ ಸೇರಿದ. ನ್ಯೂಜಿಲೆಂಡಿನಲ್ಲಿ 1989ರ ಕಾಯ್ದೆಯೊಂದು ಮಾವೊರಿ ಜನರ ಪದ್ಧತಿಯಿಂದ ಪಾಠ ಕಲಿತು, ತಪ್ಪು ಮಾಡಿದ ಮಕ್ಕಳ ವಿಷಯದಲ್ಲಿ ಎರಡೂ ಕಡೆಯ ಕುಟುಂಬಗಳನ್ನು ಕೂಡಿಸಿ ಮಾತಾಡಿಸುವ ಸಭೆಯನ್ನೇ ಕಾನೂನು ಮಾಡಿತು.

ಈ ಕಥೆ ಹೇಳಿದಾಗ ಪ್ರತಿ ವರ್ಷ ಯಾರಾದರೊಬ್ಬ ಹುಡುಗ ಎದ್ದು ನಿಂತು ಒಂದೇ ಮಾತು ಕೇಳುತ್ತಾನೆ. ಆಳಂದದವನೋ ಜೇವರ್ಗಿಯವನೋ ಆಗಿರುತ್ತಾನೆ.

"ಇದು ನಮ್ಮೂರ ಕಟ್ಟೀ ಪಂಚಾಯ್ತಿನೇ ಅಲ್ಲೇನ್ರಿ ಮೇಡಂ? ಇದಕ್ಕ ಕೆನಡಾ ತನಕ ಯಾಕ ಹೋಗಬೇಕ್ರಿ?"

ನಾನು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ. ಒಂದು ಆಟ ಆಡಿಸುತ್ತೇನೆ. ಒಂದು ಊರು, ಒಬ್ಬ ವಿಧವೆ, ಒಂದು ಬಣವಿ, ಒಬ್ಬ ಹುಡುಗ. ನಮ್ಮ ಮನೆಯ ಕಥೆ ಎಂದು ಹೇಳುವುದಿಲ್ಲ. ಐವರು ಹಿರಿಯರಾಗುತ್ತಾರೆ, ಒಬ್ಬ ಹುಡುಗನ ಅಪ್ಪ, ಒಬ್ಬ ವಿಧವೆಯ ಬಾವ. ಟೇಬಲ್ಲೇ ಕಟ್ಟೆ. ನ್ಯಾಯ ಬಹಳ ಚೆನ್ನಾಗಿ ನಡೆಯುತ್ತದೆ. ಎಲ್ಲರೂ ಹಳ್ಳಿಯ ಮಕ್ಕಳು, ಗತ್ತಿನ ಮಾತು ಗೊತ್ತು. ದಂಡ ಹಾಕುತ್ತಾರೆ, ಕಾಲಿಗೆ ಬೀಳಿಸುತ್ತಾರೆ, ಚಪ್ಪಾಳೆ ಬೀಳುತ್ತದೆ.

ಒಂದು ವರ್ಷ ಹೀಗೇ ಆಟ ಮುಗಿಯಿತು. ವಿಧವೆಯ ಪಾತ್ರ ವಹಿಸಿದ ಹುಡುಗಿ, ಅಫಜಲಪುರದ ಕಡೆಯವಳೇ, ಬಾಗಿಲ ಹತ್ತಿರ ನಿಂತೇ ಇದ್ದಳು. ಎಲ್ಲರೂ ಕೂತರೂ ಅವಳು ಕೂಡಲಿಲ್ಲ.

"ಯಾಕವ್ವ, ಕೂಡಲ್ಲ?" ಅಂದೆ.

"ನಂದು ಇನ್ನೂ ಮುಗದಿಲ್ರಿ ಮೇಡಂ. ನನ್ನ ಯಾರೂ ಕರದೇ ಇಲ್ಲ" ಅಂದಳು.

ಕ್ಲಾಸು ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷದ ಹಿಂದಿನ ಮಾತನ್ನು ನನ್ನ ವಿದ್ಯಾರ್ಥಿನಿಯ ಬಾಯಲ್ಲಿ ಕೇಳಿ ಗಂಟಲು ಕಟ್ಟಿತು. ಹಿಂದಿನ ಬೆಂಚಿನಿಂದ ಮತ್ತೊಬ್ಬ ಹುಡುಗ ಎದ್ದ. ಯಾವಾಗಲೂ ಮಾತಾಡದವನು.

"ಮೇಡಂ, ನಮ್ಮ ಓಣಿಯವರು ಆ ಕಟ್ಟೀ ಮ್ಯಾಲ ಕೂಡಂಗಿಲ್ರಿ. ಕೆಳಗ ನಿಂತು ಹೇಳಿದ್ದು ಕೇಳಬೇಕು. ಅದಕ್ಕ ನ್ಯಾಯ ಅಂತ ಹ್ಯಾಂಗ ಅನ್ನೋದ್ರಿ?"

ಆಗ ಯಾರೂ ನಗಲಿಲ್ಲ.

ಆ ದಿನ ನನಗೆ ಪಾಠದ ದಾರಿ ತಿಳಿಯಿತು. ಕಟ್ಟೆಯ ಮೇಲೆ ಆಗುವುದೆಲ್ಲ ಸರಿಪಡಿಸುವ ನ್ಯಾಯವಲ್ಲ. ಊರಿನ ಬಾಯಿ ಮುಚ್ಚಿಸುವುದು ಬೇರೆ, ನೋವು ತುಂಬಿಕೊಡುವುದು ಬೇರೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಆ ತಂಡವನ್ನು ಶಹಾಬಾದಿನ ಹತ್ತಿರದ ಮರತೂರಿಗೆ ಕರೆದುಕೊಂಡು ಹೋದೆ. ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಮರತೂರಿನವನೆಂದು ನಮ್ಮ ಭಾಗದ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. 1076ರಿಂದ 1126ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಟೀಕೆ ಬಂಗಾಳದ ಕಡೆಯನ್ನು ಬಿಟ್ಟರೆ ಇಡೀ ದೇಶದ ಹಿಂದೂ ಆಸ್ತಿ ಕಾನೂನಿಗೆ ಆಧಾರವಾಯಿತು. ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಓಡಾಡಿದವನು ಬರೆದದ್ದನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನಲ್ಲಿ ವಾದಿಸುತ್ತಿದ್ದರು ಅಂದರೆ ಮಕ್ಕಳಿಗೆ ನಂಬಿಕೆಯೇ ಬರುವುದಿಲ್ಲ.

ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಅವರಿಗೆ ಎರಡು ಸಂಗತಿ ಹೇಳಿದೆ. ಒಂದು, ಕಳ್ಳತನದ್ದು. ಕಳ್ಳರು ಒಯ್ದ ಸ್ವತ್ತನ್ನು ರಾಜ ಪ್ರಜೆಗೆ ಮರಳಿ ಕೊಡಬೇಕೆಂದು ಸ್ಮೃತಿ ಹೇಳುತ್ತದೆ. ಸ್ವತ್ತು ಸಿಗದಿದ್ದರೆ ತನ್ನ ಬೊಕ್ಕಸದಿಂದಲೇ ತುಂಬಿಕೊಡಬೇಕೆಂದು ವಿಜ್ಞಾನೇಶ್ವರ ಬಿಡಿಸುತ್ತಾನೆ. ಅಂದರೆ ಕಳ್ಳನಿಗೆ ಶಿಕ್ಷೆಯಾದರೆ ರಾಜನ ಕೆಲಸ ಮುಗಿಯಲಿಲ್ಲ. ಕಳೆದುಕೊಂಡವರ ಕೈ ತುಂಬಬೇಕು. ನಮ್ಮ ಇಂದಿನ ಕಾನೂನು ಅಲ್ಲಿಗೆ ಬಂದದ್ದು ತೀರ ಈಚೆಗೆ. ಅಪರಾಧಕ್ಕೆ ಬಲಿಯಾದವರಿಗೆ ಸರ್ಕಾರ ಪರಿಹಾರ ಕೊಡುವ ಯೋಜನೆ ಇರಬೇಕೆಂಬ 357ಎ ಕಲಂ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿ ಜಾರಿಗೆ ಬಂದದ್ದು 2009ರಲ್ಲಿ.

ಇನ್ನೊಂದು, ನ್ಯಾಯ ಹೇಳುವವರದ್ದು. ರಾಜ ನೇಮಿಸಿದವರು, ಪೂಗ, ಶ್ರೇಣಿ, ಕುಲ ಎಂದು ನಾಲ್ಕು ಮೆಟ್ಟಿಲು. ಕುಲವೆಂದರೆ ಬಂಧು ಬಳಗ. ಶ್ರೇಣಿ ಒಂದೇ ಕಸುಬಿನವರ ಕೂಟ. ಪೂಗವೆಂದರೆ ಬೇರೆ ಬೇರೆ ಜಾತಿಯ, ಬೇರೆ ಬೇರೆ ಕಸುಬಿನ, ಒಂದೇ ಊರಲ್ಲಿರುವ ಜನರ ಕೂಟ. ಕುಲದಲ್ಲಿ ಆದ ನ್ಯಾಯ ಸರಿಯೆನಿಸದಿದ್ದರೆ ಮೇಲಿನ ಮೆಟ್ಟಿಲಿಗೆ ಹೋಗಬಹುದಿತ್ತು. ಎಲ್ಲ ಜಾತಿಯವರಿದ್ದ ಪೂಗ ನೆಂಟರ ಕೂಟಕ್ಕಿಂತ ಮೇಲೆ! ಹಿಂದಿನ ಬೆಂಚಿನ ಹುಡುಗ ಇದನ್ನು ಬರೆದುಕೊಂಡ. ಆದರೆ ಅದೇ ಗ್ರಂಥದಲ್ಲಿ ವರ್ಣ ನೋಡಿ ಶಿಕ್ಷೆ ಹೆಚ್ಚು ಕಡಿಮೆ ಮಾಡುವ ಮಾತೂ ಇದೆ. ಅದನ್ನೂ ಅವನಿಗೆ ಮುಚ್ಚಿಡಲಿಲ್ಲ. ಹಿರಿಯರ ಮನೆಯ ಪೆಟ್ಟಿಗೆ ತೆಗೆದರೆ ಬಂಗಾರವೂ ಸಿಗುತ್ತದೆ, ತುಕ್ಕೂ ಸಿಗುತ್ತದೆ.

ಹುಡುಗಿಯರಿಗೆ ಮೂರನೆಯದೂ ಹೇಳಿದೆ. ಸ್ತ್ರೀಧನ ಅಂದರೆ ತವರಿನವರು ಕೊಟ್ಟ ನಗ ನಾಣ್ಯ ಮಾತ್ರವಲ್ಲ, ಹೆಣ್ಣಿಗೆ ಪಾಲಿನಿಂದಲೋ ವಾರಸಿನಿಂದಲೋ ಬಂದದ್ದೂ ಸೇರುತ್ತದೆಂದು ವಿಜ್ಞಾನೇಶ್ವರ ವಿಶಾಲವಾಗಿ ಅರ್ಥ ಮಾಡಿದ. ಪ್ರಿವಿ ಕೌನ್ಸಿಲ್ ಅದನ್ನು ಒಪ್ಪದೆ ಕಿರಿದು ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವವರೆಗೆ ವಿಧವೆಯ ಹಕ್ಕು ಬದುಕಿರುವ ತನಕ ಮಾತ್ರದ ಹಕ್ಕಾಗಿ ಉಳಿಯಿತು. ಕಾಕಿಯ ನಾಲ್ಕೆಕರೆ ಪೂರ್ತಿ ಅವಳದೇ ಆದದ್ದು ಆ ಕಾಯ್ದೆಯ 14ನೆಯ ಕಲಮಿನಿಂದ. ಹೊಲ ಅವಳದು, ಎತ್ತು ಅವಳದು, ಮೇವು ಅವಳದು. ದಂಡ ಮಾತ್ರ ಬಾವನ ಕೈಗೆ.

ಮರಳಿ ಬರುವಾಗ ಬಸ್ಸಿನಲ್ಲಿ ಒಂದು ಮಾತಿನ ಮೇಲೆ ಚರ್ಚೆ ಬಂತು. ರಾಜಿ. ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕೋರ್ಟಿನ ಭಾಷೆ ಉರ್ದು. ಮುತ್ಯಾನ ಕಾಲದ ಕಾಗದಪತ್ರವೆಲ್ಲ ನಮಗೆ ಓದಲಿಕ್ಕೆ ಬಾರದು. ಆದರೆ ಅರ್ಜಿ, ಫಿರ್ಯಾದಿ, ವಕಾಲತ್ತು, ಜಾಮೀನು, ರಾಜಿನಾಮೆ ಎಲ್ಲ ನಮ್ಮ ಮಾತೇ ಆಗಿಬಿಟ್ಟವು. ಬಸ್ಸಿನಲ್ಲಿದ್ದ ಮುಸಲ್ಮಾನರ ಹುಡುಗಿಯೊಬ್ಬಳು ಹೇಳಿದಳು: "ರಾಜಿ ಅಂದ್ರ ಮನಸಾರೆ ಒಪ್ಪಿದವರು ಅಂತ ಅರ್ಥರಿ ಮೇಡಂ. ನಿಕಾದಾಗ ಹುಡುಗಿ ರಾಜಿ ಇದ್ದಾಳೇನು ಅಂತ ಕೇಳ್ತಾರಲ್ರಿ."

ಎಷ್ಟು ಸರಳ! ರಾಜಿ ಅನ್ನುವುದು ಇಬ್ಬರ ನಡುವಿನ ಒಪ್ಪಂದದ ಹೆಸರಲ್ಲ, ಒಬ್ಬರ ಮನಸ್ಸಿನ ಸ್ಥಿತಿಯ ಹೆಸರು. ಹಾಗಾದರೆ ಅಂದು ಗುಡಿಯ ಕಟ್ಟೆಯ ಮೇಲೆ ರಾಜಿಯಾದವರು ಯಾರು? ಅಪ್ಪ ರಾಜಿಯಾದ. ಹುಡುಗನ ಅಪ್ಪ ರಾಜಿಯಾದ. ಕಾಕಿ ರಾಜಿಯಾಗಲೇ ಇಲ್ಲ.

ಇದು ನಮ್ಮ ಮನೆಯೊಂದರ ಮಾತಲ್ಲ. ನೀವೇ ನೆನಪು ಮಾಡಿಕೊಳ್ಳಿ. ಎಷ್ಟು ಮನೆಗಳಲ್ಲಿ ಹೊಡೆಸಿಕೊಂಡ ಸೊಸೆಯನ್ನು ಎರಡೂ ಕಡೆಯ ಹಿರಿಯರು ಕೂತು 'ಹೊಂದಿಕೊಂಡು ಹೋಗು' ಎಂದು ಬುತ್ತಿ ಕಟ್ಟಿ ಮರಳಿ ಕಳಿಸಿಲ್ಲ? ಅದಕ್ಕೆಲ್ಲ ಇಟ್ಟ ಹೆಸರು ರಾಜಿಯೇ. ಹಾಗೆಂದು ಮಾತುಕತೆಯೇ ಬೇಡವೆನ್ನಲಾಗದು. ಗಂಡ ಹೆಂಡಿರ ವ್ಯಾಜ್ಯಗಳನ್ನು ಆದಷ್ಟು ಬೇಗ ಮಧ್ಯಸ್ಥಿಕೆಗೆ ಕಳಿಸಿರೆಂದು ಸುಪ್ರೀಂ ಕೋರ್ಟು 2013ರಲ್ಲಿ ಶ್ರೀನಿವಾಸ ರಾವ್ ಮೊಕದ್ದಮೆಯಲ್ಲಿ ಹೇಳಿತು. ಅದೇ ಕೋರ್ಟು 2015ರಲ್ಲಿ ಮದನಲಾಲ್ ಮೊಕದ್ದಮೆಯಲ್ಲಿ, ಅತ್ಯಾಚಾರದಲ್ಲಿ ರಾಜಿಯ ಮಾತೇ ಎತ್ತಬಾರದು, ಹೆಣ್ಣಿನ ದೇಹ ಅವಳ ಗುಡಿ ಇದ್ದಂತೆ ಎಂಬ ಅರ್ಥದ ಮಾತು ಹೇಳಿತು. ಜಾತಿ ಕಟ್ಟೆಗಳು ಮದುವೆಯಾದ ಹುಡುಗ ಹುಡುಗಿಯ ಬದುಕಿನಲ್ಲಿ ಕೈ ಹಾಕುವುದು ಕಾನೂನುಬಾಹಿರವೆಂದು 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸಾರಿತು. ಈ ಮೂರನ್ನೂ ಒಟ್ಟಿಗೆ ಓದಬೇಕೆಂದು ನಾನು ಮಕ್ಕಳಿಗೆ ಹೇಳುತ್ತೇನೆ. ಎಲ್ಲಿ ಕೂಡಿಸಬೇಕು ಅನ್ನುವುದು ಎಷ್ಟು ಮುಖ್ಯವೋ, ಎಲ್ಲಿ ಕೂಡಿಸಬಾರದು ಅನ್ನುವುದೂ ಅಷ್ಟೇ ಮುಖ್ಯ. ಇಬ್ಬರೂ ಒಂದೇ ಎತ್ತರದ ಮಣೆಯ ಮೇಲೆ ಕೂಡಲಾರದ ಕಡೆ ರಾಜಿ ಅನ್ನುವುದು ಬಲವಿದ್ದವರ ಗೆಲುವಷ್ಟೇ.

ಕೋರ್ಟಿನ ದಾರಿಯಾದರೂ ಸುಲಭವಿತ್ತೇ? ನಮ್ಮ ಭಾಗದವರು ಹೈಕೋರ್ಟಿಗೆ ಹೋಗಬೇಕಾದರೆ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕಿತ್ತು. ಸಂಚಾರಿ ಪೀಠ ಬಂದದ್ದು 2008ರ ಜುಲೈಯಲ್ಲಿ, ಕಾಯಂ ಪೀಠವಾದದ್ದು 2013ರಲ್ಲಿ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಓಣಿ, ಊರಿನ ಜಗಳಗಳಿಗೆ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯವೊಂದಿದೆ: ಮೂವರು ಮಧ್ಯಸ್ಥರು, ಎರಡೂ ಕಡೆಯವರ ಮೊದಲ ಒಪ್ಪಿಗೆ, ಮಧ್ಯಸ್ಥರ ಪಟ್ಟಿ ಮಾಡುವಾಗ ಹೆಂಗಸರಿಗೂ ಸ್ಥಾನ ಕೊಡುವ ಎಚ್ಚರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಒಂದು ಶಿಕ್ಷೆ. ಕಾಗದದ ಮೇಲೆ ಕಟ್ಟೆ ಅಗಲವಾಗುತ್ತಿದೆ. ಅದರ ಮೇಲೆ ಯಾರು ಕೂಡುತ್ತಾರೆ ಅನ್ನುವುದನ್ನು ಕಾಯ್ದೆಯೊಂದೇ ನೋಡಿಕೊಳ್ಳಲಾರದು. ಅದಕ್ಕೆ ವಕೀಲರು ಬೇಕು. ಆ ವಕೀಲರು ಈಗ ನನ್ನ ಕ್ಲಾಸಿನಲ್ಲಿ ಕೂತಿದ್ದಾರೆ.

ಇನ್ನು ಕಾಕಿಯ ಮಾತು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟು ಭೀಮೆ ಉಕ್ಕಿ ಹರಿದಾಗ ಅಫಜಲಪುರ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆಲ್ಲ ನೀರು ನುಗ್ಗಿತು. ನಮ್ಮ ಓಣಿಗೂ ಬಂತು. ಕಾಕಿಗೆ ಎಪ್ಪತ್ತು ದಾಟಿತ್ತು, ಒಬ್ಬಳೇ ಇದ್ದಳು. ಅವಳನ್ನು ಎತ್ತಿ ಟ್ರ್ಯಾಕ್ಟರಿನಲ್ಲಿ ಕೂಡಿಸಿಕೊಂಡು ಎತ್ತರದ ಸಾಲೆಗೆ ಮುಟ್ಟಿಸಿದವನು ಅದೇ ಹುಡುಗ. ಹುಡುಗನೇನು, ಮೊಮ್ಮಕ್ಕಳ ಮುತ್ಯಾ ಈಗ. ನಲವತ್ತೆರಡು ವರ್ಷ ಒಂದೇ ಬದುವಿನ ಆಚೆ ಈಚೆ ಇದ್ದರೂ ಅವರಿಬ್ಬರ ನಡುವೆ ಮಾತಿರಲಿಲ್ಲ.

ನೀರಿಳಿದ ಮೇಲೆ ನಾನು ಊರಿಗೆ ಹೋದೆ. ಗೋಡೆ ಕೆರೆದು ಸುಣ್ಣ ಬಳಿಸಿದೆವು. ರಾತ್ರಿ ರೊಟ್ಟಿ ಬಡಿಯುತ್ತ ಕೂತವಳನ್ನು, ಅಷ್ಟು ವರ್ಷ ಯಾರೂ ಕೇಳದ್ದನ್ನು, ಕೇಳಿದೆ.

"ಕಾಕಿ, ಅವತ್ತು ದೈವದಾಗ ನಿನ್ನ ಕರದಿದ್ರ ಏನು ಕೇಳ್ತಿದ್ದಿ? ನಿನಗೇನು ಬೇಕಾಗಿತ್ತು?"

ಕಾಕಿಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂದರೂ ತಿರುವಲಿಲ್ಲ.

"ರೊಕ್ಕ ಅಲ್ಲ ತಂಗಿ. ಆ ಹುಡುಗ ನನ್ನ ಕೊಟ್ಟಿಗಿಗೆ ಬಂದು ಎತ್ತಿನ ಮಾರಿ ನೋಡಬೇಕಾಗಿತ್ತು. ಮಳಿ ಬೀಳೋ ತನಕ ತಾನೇ ಮೇವು ತಂದು ಹಾಕಬೇಕಾಗಿತ್ತು. ಅಷ್ಟಾದ್ರ ಎತ್ತು ಉಳೀತಿದ್ದವು. ಮತ್ತ ಅವನಿಗಿ ಒಂದು ಮಾತು ಕೇಳಬೇಕಿತ್ತು. ನಿಮ್ಮ ಎಮ್ಮಿ ನಾ ಕೊಂಡವಾಡಕ್ಕ ಹೊಡದೆ, ಖರೆ. ಆದ್ರ ನಿನಗ ಸಣ್ಣಾಂವ ಇದ್ದಾಗ ಎಷ್ಟು ಸಲ ಉಣ್ಣಾಕ ಹಾಕೀನಿ, ಬೆಂಕಿ ಹಚ್ಚೋ ಮುಂದ ಅದು ನೆಪ್ಪಾಗಲಿಲ್ಲೇನು ಅಂತ."

ಆ ಹುಡುಗ ನಮ್ಮ ಮನೆಯಲ್ಲಿ ಉಂಡು ಬೆಳೆದವನೆಂಬುದು ನನಗೆ ಗೊತ್ತೇ ಇರಲಿಲ್ಲ. ಐನೂರು ರೂಪಾಯಿ ದಂಡ ಹಾಕಿದ ಹಿರಿಯರಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾಕೆ ಹಚ್ಚಿದೆ ಎಂದು ಅವನನ್ನೂ ಯಾರೂ ಕೇಳಿರಲಿಲ್ಲ.

ನನ್ನೊಳಗಿನ ವಕೀಲಿ ಎದ್ದು ಕೂತಿತು. "ಟ್ರ್ಯಾಕ್ಟರಿನ್ಯಾಗ ಕೇಳಲಿಲ್ಲೇನು?" ಅಂದೆ.

"ಟ್ರ್ಯಾಕ್ಟರಿನ್ಯಾಗ ಕುಂತೆ. ಕೇಳಲಿಲ್ಲ."

"ನಾಳೆ ನಾ ಅವರ ಮನೀಗಿ ಹೋಗ್ತೀನಿ ಕಾಕಿ. ನಾ ಮಾತಾಡ್ತೀನಿ. ನಾ ಕೇಳ್ತೀನಿ."

ಕಾಕಿ ರೊಟ್ಟಿ ತಿರುವಿ ಹಾಕಿದಳು. ಸಿಟ್ಟಿನಿಂದಲ್ಲ, ಆದರೆ ಗಟ್ಟಿಯಾಗಿ ಹೇಳಿದಳು:

"ಅದು ನನ್ನ ಪ್ರಶ್ನೆ ತಂಗಿ. ನೀ ಯಾಕ ಕೇಳ್ತಿ? ಅವತ್ತು ನಿಮ್ಮಪ್ಪ ಇಸಗೊಂಡ. ಇವತ್ತು ನೀನೂ ಇಸಗೋತೀಯೇನು?"

ನಾರ್ವೆ ದೇಶದ ನಿಲ್ಸ್ ಕ್ರಿಸ್ಟಿ ಎಂಬ ಅಪರಾಧಶಾಸ್ತ್ರಜ್ಞ 1977ರಲ್ಲಿ ಒಂದು ಪ್ರಬಂಧ ಬರೆದ. ಜಗಳವೂ ಜನರ ಸ್ವತ್ತು, ವಕೀಲರು ಅದನ್ನು ಅವರಿಂದ ಕಸಿದುಕೊಂಡಿದ್ದಾರೆ ಎಂಬುದು ಅದರ ಸಾರ. ಹದಿನೈದು ವರ್ಷ ಅದನ್ನು ಪಾಠ ಮಾಡಿದ್ದೆ, ಪರೀಕ್ಷೆಗೆ ಪ್ರಶ್ನೆಯಾಗಿಯೂ ಕೊಟ್ಟಿದ್ದೆ. ಕಾಕಿ ಅದನ್ನು ಹಂಚಿನ ಮುಂದೆ ಕೂತು ಒಂದು ಮಾತಿನಲ್ಲಿ ಹೇಳಿದಳು. ನಾನು ಸುಮ್ಮನಾದೆ.

ಅವಳು ಮುಂದೆ ಆ ಪ್ರಶ್ನೆ ಕೇಳಿದಳೋ ಇಲ್ಲವೋ, ನಾನು ವಿಚಾರಿಸಿಲ್ಲ. ವಿಚಾರಿಸುವ ಹಕ್ಕು ನನ್ನದಲ್ಲ. ಬದುವಿನಾಚೆಯ ಮನೆಯಿಂದ ಈಗ ವರ್ಷಕ್ಕೊಮ್ಮೆ ಒಂದು ಚೀಲ ತೊಗರಿ ಬರುತ್ತದೆಂದು ಮಾತ್ರ ಗೊತ್ತು. ಬೇಳೆ ಒಡೆಸಿ ನನಗೂ ಒಂದು ಡಬ್ಬಿ ಕಳಿಸುತ್ತಾಳೆ.

ಕ್ಲಾಸಿನಲ್ಲಿ ಬಣವಿಯ ಆಟ ಈಗಲೂ ಆಡಿಸುತ್ತೇನೆ. ಒಂದು ಬದಲಾವಣೆ ಮಾಡಿದ್ದೇನೆ. ಆಟ ಶುರುವಾಗುವ ಮುಂಚೆ ಹಿರಿಯರ ಪಾತ್ರದವರನ್ನು ಟೇಬಲ್ ಮೇಲಿಂದ ಇಳಿಸುತ್ತೇನೆ. ಎಲ್ಲರೂ ನೆಲದ ಮೇಲೆ, ಗುಂಡಗೆ. ಮೊದಲ ಮಾತು ವಿಧವೆಯದು. ಅವಳು ಮಾತಾಡುವ ತನಕ ಬೇರೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಮಕ್ಕಳಿಗೆ ಇದು ಬಹಳ ಕಷ್ಟ. ಐದು ನಿಮಿಷದ ಮೌನವನ್ನು ಭವಿಷ್ಯದ ವಕೀಲರು ತಡೆಯಲಾರರು. ಒಬ್ಬ ಕೆಮ್ಮುತ್ತಾನೆ, ಒಬ್ಬ ಗಡಿಯಾರ ನೋಡುತ್ತಾನೆ, ಒಬ್ಬ 'ನಾ ಅವರ ಪರ ಹೇಳ್ಲೇನ್ರಿ ಮೇಡಂ?' ಎಂದು ಕೈ ಎತ್ತುತ್ತಾನೆ.

ಬೇಡ, ಕೂಡಪ್ಪ ಅನ್ನುತ್ತೇನೆ. ಅವಳೇ ಹೇಳಲಿ.